ಹಾಲಿನಲ್ಲಿ ನುಂಗಿದ ಗುಳಿಗೆ

ಅಪ್ಪ ಹಾಲಿನಲ್ಲಿ ಗುಳಿಗೆ ನುಂಗಿದ್ದು ಮಧ್ಯಾಹ್ನವೇ ಅಲ್ಲದಿರಬಹುದು. ಆದರೆ ಈಗಲೂ ಹೊಸ ಜೀನ್ಸ್ ಬಟ್ಟೆಯ ಗಂಜಿವಾಸನೆ ಮೂಗಿಗೆ ಬಂದರೆ ರಾಯದುರ್ಗದ ನಮ್ಮ ಮನೆಯಲ್ಲಿ ಮಧ್ಯಾಹ್ನವೇ ಆಗುತ್ತದೆ.

ಅಪ್ಪ ಹೊಲಿಗೆಯವರಿಗೆ ಜೀನ್ಸ್ ಬಟ್ಟೆ ಕತ್ತರಿಸಿ ಕೊಡುತ್ತಿದ್ದ. ಅವನ ಕೈನಡುಕಕ್ಕೆ ಬಳ್ಳಾರಿಯ ಡಾಕ್ಟರು ಗುಳಿಗೆ ಕೊಟ್ಟಿದ್ದರು. ನುಂಗಿದ ಅರ್ಧ ಗಂಟೆಗೆ ಕೈ ಕಣೇಕಲ್ಲು ಕೆರೆಯ ನೀರಿನಂತೆ ನಿಲ್ಲುತ್ತಿತ್ತು. ಅಂದು ಬಟ್ಟೆ ಕೊಡುವ ಮಾಲೀಕರು ಆ ಕೈ ನೋಡಿ, ಕೆಲಸ ಕೊಡುವುದೋ ಬಿಡುವುದೋ ಹೇಳಲು ಬರುವವರಿದ್ದರು.

ದಿನಾ ನೀರಿನಲ್ಲಿ ನುಂಗಿಸುತ್ತಿದ್ದ ಅವ್ವ ಅಂದು ಲೋಟದ ತುಂಬ ಗಟ್ಟಿ ಹಾಲು ತಂದಳು. “ಇವತ್ತು ಕೈಗೆ ಶಕ್ತಿ ಬೇಕ್ರಿ, ಹಾಲಾಗ ನುಂಗ್ರಿ.”

ಮಾಲೀಕರು ಬಂದರು. “ಎಲ್ಲಿ, ಒಂದು ಗೀಟು ಹಾಕ್ರಿ ಮೇಸ್ತ್ರಿ.”

“ಮೊದಲ ಚಾ ಕುಡೀರಿ ಸಾವ್ಕಾರ್ರ. ಗುಳಿಗಿ ಇನ್ನಾ ಹಾದ್ಯಾಗ ಐತಿ,” ಎಂದು ಅಪ್ಪ ನಕ್ಕ.

ಚಹಾ ಮುಗಿಯಿತು. ನೀಲಿ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಅಲೆಅಲೆಯಾಗಿ ತೇಲಿಹೋಯಿತು. ನನಗದು ಚೆಂದ ಕಂಡಿತ್ತು. ಮಾಲೀಕರು ಬಟ್ಟೆ ಸುತ್ತಿ ಬಗಲಲ್ಲಿಟ್ಟುಕೊಂಡು ಹೋದರು.

ಬಳ್ಳಾರಿಗೆ ಅಪ್ಪನ ಜೊತೆ ಹೋಗಿದ್ದವಳು ನಾನು. ಅವನು ಬಾಗಿಲಲ್ಲಿ ಚಪ್ಪಲಿ ಮೆಟ್ಟಲು ಹೆಣಗುತ್ತಿದ್ದಾಗ, ಹಾಲಿನ ಜೊತೆ ಕೊಡಬೇಡಿ, ಔಷಧ ಸರಿಯಾಗಿ ಹತ್ತುವುದಿಲ್ಲ ಎಂದು ಡಾಕ್ಟರು ನನಗೆ ಹೇಳಿದ್ದರು. ಅದನ್ನು ಅವ್ವನಿಗೆ ಹೇಳಿದ್ದೆನೋ ಇಲ್ಲವೋ, ನನಗೆ ಗೊತ್ತಿಲ್ಲ.