ಹುಕ್ಕೇರಿಗೆ ಒಂದು ಟಿಕೆಟ್

ಮಗನ ಬೆರಳುಗಳನ್ನು ಕಾಶೆವ್ವ ಒಂದೊಂದಾಗಿ ಬಿಡಿಸಿದಳು. ಸಂಕೇಶ್ವರದ ನಿಲ್ದಾಣದಲ್ಲಿ ಹುಕ್ಕೇರಿ ಬಸ್ಸು ಆಗಲೇ ಗುರುಗುಡುತ್ತಿತ್ತು. ಈಶ್ವರನನ್ನು ಮುಂದಿನ ಕಿಟಕಿಯ ಬಳಿ ಕೂರಿಸಿ, ಬುತ್ತಿಯ ಗಂಟನ್ನು ತೊಡೆಯ ಮೇಲಿಟ್ಟು, ಹಿಂದೆ ನೋಡದೆ ಇಳಿದುಬಿಟ್ಟಳು. ಅವನು ಅಳಲು ಶುರುಮಾಡಿದ.

ಕೆಳಗೆ ಹೂ ಮಾರುತ್ತ ಕುಳಿತಿದ್ದ ಉದ್ದವ್ವನಿಗೆ ತಡೆಯಲಾಗಲಿಲ್ಲ. "ಅಷ್ಟ ಜೀವಾ ಹಚ್ಕೊಂಡಾನ. ಒಬ್ಬಾಂವನ್ನ ಕಳಸಾಕ ನಿನಗ ಮನಸರ ಹೆಂಗ ಬರತೈತಿ, ಕಾಶಕ್ಕಾ?"

"ಅಂವಾ ಹೋಗೂದು ಕಲೀಬೇಕು. ನಾ ಬಿಡೂದು ಕಲೀಬೇಕು."

ಡಾಕ್ಟರು ಕಾಶೆವ್ವನ ಎದೆಯ ಫೋಟೊ ನೋಡಿ ಮಾತು ನುಂಗಿದ ದಿನದಿಂದ ಅವಳಿಗೆ ಇದೊಂದೇ ಧ್ಯಾನ. ಗುಂಡಿ ಹಾಕಿಕೊಳ್ಳುವುದು, ಬಿಸಿ ಸಾರು ಆರಿಸಿ ಉಣ್ಣುವುದು, ಗುರುತಿಲ್ಲದವರು ಕರೆದರೆ ಹೋಗದಿರುವುದು, ಎಲ್ಲವನ್ನೂ ಕಲಿಸಿಯಾಗಿತ್ತು. ಉಳಿದದ್ದು ಹುಕ್ಕೇರಿಯಲ್ಲಿರುವ ಮಗಳು ಶೈಲಾಳ ಮನೆಯ ದಾರಿ. ತಾನು ಕಣ್ಣು ಮುಚ್ಚಿದ ದಿನ ಅವನು ಆ ಬಾಗಿಲನ್ನು ತಟ್ಟಬೇಕು.

ಬಸ್ಸು ಹೊರಡುವಾಗ ಗುಂಪಿನಲ್ಲಿ ನುಸುಳಿ ಕಾಶೆವ್ವನೂ ಹತ್ತಿದಳು. ಸೆರಗನ್ನು ಮುಖಕ್ಕೆಳೆದುಕೊಂಡು ಹಿಂದೆ ಕುಳಿತಳು. ಕಂಡಕ್ಟರ್ ಬಂದಾಗ ಈಶ್ವರ ಪಾಠ ಒಪ್ಪಿಸುವಂತೆ, "ಹುಕ್ಕೇರಿ. ನಾ ಒಬ್ಬನ" ಎಂದ. ಕಂಡಕ್ಟರ್ ಒಮ್ಮೆ ಅವನನ್ನು ನೋಡಿ, ಸುಮ್ಮನೆ ಪೂರ್ತಿ ಟಿಕೆಟ್ ಕೊಟ್ಟ. ಶಾಲೆಯ ಹುಡುಗರು ಅವನ ಮಾತನ್ನೇ ಅಣಕಿಸಿ ನಕ್ಕರು. ಅವನೂ ನಕ್ಕ.

ಹುಕ್ಕೇರಿಯಲ್ಲಿ ಇಳಿದವನು ಅತ್ತಿತ್ತ ನೋಡಿದ. ಬುತ್ತಿಯನ್ನು ಎದೆಗವಚಿಕೊಂಡು "ಅವ್ವಾ" ಎಂದು ಕೂಗಿದ. ಕಂಬದ ಮರೆಯಲ್ಲಿದ್ದ ಕಾಶೆವ್ವ ಎಲ್ಲಿ ಓಗೊಟ್ಟುಬಿಡುತ್ತೇನೋ ಎಂದು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅವನು ಮತ್ತೆ ಕೂಗಿದ. ಮತ್ತೆ. ಯಾರೂ ಬರಲಿಲ್ಲ. ಕೊನೆಗೆ ಮೂಗು ಒರೆಸಿಕೊಂಡು ಓಣಿಯತ್ತ ತಿರುಗಿದ. ಹಿಟ್ಟಿನ ಗಿರಣಿ ದಾಟಿದ. ಹಸಿರು ಬಾಗಿಲು ತಟ್ಟಿದ.

ಅವನನ್ನು ಒಳಗೆ ಕರೆದುಕೊಳ್ಳುವಾಗ ಶೈಲಾ, ಹಿಂದೆ ಏದುಸಿರು ಬಿಡುತ್ತ ನಿಂತ ತಾಯಿಯನ್ನು ಕಂಡಳು.

"ಯಾಕ ಹಿಂಗ ಕಾಡ್ತೀಬೆ ಅವನ್ನ? ಅಂಥಾ ದಿನಾ ಬಂದ್ರ, ನಾ ಬಂದು ಕರಕೊಂಡ ಬರೂದಿಲ್ಲೇನ?"

"ನೀ ಬರೂತನಕ ಅಂವಾ ನನ್ನ ಬಾಜೂ ಕುಂತು, ಏಳವ್ವಾ ಏಳವ್ವಾ ಅಂತ ಎಬ್ಬಸ್ಕೋತ ಇರ್ತಾನ."

ಶೈಲಾ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಅವ್ವನನ್ನು ಕಂಡ ಈಶ್ವರನಿಗೆ ತಡೆದಿದ್ದ ಅಳು ಮತ್ತೆ ಉಕ್ಕಿ ಬಂತು.

ಕಣ್ಣೊರೆಸಲು ಕಾಶೆವ್ವ ಕೈ ಎತ್ತುವಷ್ಟರಲ್ಲಿ, ನೀರು ಅವನ ನರೆತ ಗಡ್ಡದೊಳಗೆ ಇಳಿದಿತ್ತು.