ಕಣ್ಣೊಳಗಿನ ಬಳ್ಳಿ

ಮುಧೋಳದ ಕಡೆ ಒಂದು ಚಿಕ್ಕ ಕಣ್ಣಿನ ಆಸ್ಪತ್ರೆ. ತಸ್ಲೀಮಾ ಅಲ್ಲಿ ಹದಿನಾರು ವರ್ಷಗಳಿಂದ ಲ್ಯಾಬ್ ಟೆಕ್ನಿಷಿಯನ್.

ಒಂದು ದಿನ ಕಬ್ಬು ಕಡಿಯುವ ನೀಲವ್ವ ಬಂದರು. ಬಲಗಣ್ಣು ಕೆಂಡದಂತೆ ಕೆಂಪು... ಕಪ್ಪುಗುಡ್ಡೆಯ ಮೇಲೆ ಬಿಳಿ ಕಲೆ.

ಹದಿನೈದು ದಿನ ಔಷಧಿ ಅಂಗಡಿಯ ಹನಿ ಹಾಕಿಕೊಂಡಿದ್ದರು. ಉರಿ ಇಳಿಯುತ್ತಿತ್ತು... ಕಲೆ ಮಾತ್ರ ದೊಡ್ಡದಾಗುತ್ತಿತ್ತು!

ಡಾಕ್ಟರ್ ಮೇಡಂ ಆ ಕಲೆಯ ಜಾಗದ ಹುಣ್ಣನ್ನು ಮೆಲ್ಲಗೆ ಕೆರೆದು, ಗಾಜಿನ ಸ್ಲೈಡ್ ಮೇಲೆ ಹಚ್ಚಿ ಲ್ಯಾಬ್‌ಗೆ ಕಳಿಸಿದರು.

ತಸ್ಲೀಮಾ ಮೈಕ್ರೋಸ್ಕೋಪ್‌ನಲ್ಲಿ ನೋಡಿದರು. ಏನೂ ಕಾಣಲಿಲ್ಲ.

ರಿಪೋರ್ಟ್ ಬರೆಯಲು ಪೆನ್ನು ಎತ್ತಿದವರು... ಯಾಕೋ ಎದ್ದು ಹೊರಗೆ ಕೂತಿದ್ದ ನೀಲವ್ವನ ಬಳಿ ಬಂದರು.

"ಅಕ್ಕಾರ, ಕಣ್ಣು ಕೆಂಪಾಗೂಕಿಂತ ಮೊದ್ಲ ಏನರ ಬಡದಿತ್ತೇನ್ರಿ?"

"ಕಬ್ಬಿನ ರವದಿ ಬಡದಿತ್ರಿ ಯವ್ವಾ... ಒಣಾ ಎಲಿ. ಇಷ್ಟ್ ದಿನ ಯಾರೂ ಕೇಳೇ ಇಲ್ಲ ನೋಡ್ರಿ!"

ತಸ್ಲೀಮಾ ಡಾಕ್ಟರ ಬಳಿಗೆ ಓಡಿದರು. "ಮೇಡಂ, ಒಣಾ ಎಲಿ ಬಡದೈತಂತ. ಎಲಿ ಮ್ಯಾಲಿನ ಫಂಗಸ್ ಕಣ್ಣಾಗ ಹೊಕ್ಕಿರಬಹುದು... ಇನ್ನೊಮ್ಮೆ ಸ್ಯಾಂಪಲ್ ತಗೀರಿ."

ಎರಡನೆಯ ಸ್ಲೈಡ್. ಈ ತುದಿಯಿಂದ ಆ ತುದಿಯವರೆಗೆ ಹುಡುಕಿದರು... ಅಂಚಿನಲ್ಲಿ ಕಂಡಿತು!

ಗಾಜಿನ ನೂಲಿನಂಥ ಎಳೆಗಳು... ಕವಲೊಡೆದು ಹರಡಿದ್ದವು.

ನೀಲವ್ವನನ್ನೂ ಕರೆದು ತೋರಿಸಿದರು. ಅವರು ಎಡಗಣ್ಣಿಟ್ಟು ನೋಡಿದರು.

"ಬಳ್ಳಿ ಹಬ್ಬಿದಂಗ ಐತಲ್ರಿ... ಇದು ನನ್ನ ಕಣ್ಣಾಗ ಬೆಳದದ್ದೇನ್ರಿ?"

"ಹೌದ್ರಿ," ಎಂದರು ಡಾಕ್ಟರ್. "ನೀವು ಹಾಕ್ಕೊಂಡ ಹನಿಯೊಳಗ ಸ್ಟೀರಾಯ್ಡ್ ಇತ್ತು. ನಿಮ್ಮ ಉರಿ ಕಡಿಮಿ ಆತು... ಇದಕ್ಕ ಬೆಳ್ಯಾಕ ದಾರಿ ಆತು."

ಅಂದೇ ಫಂಗಸ್‌ನ ಔಷಧಿ ಶುರುವಾಯಿತು. ಮೊದಮೊದಲು ಗಂಟೆಗೊಮ್ಮೆ ಹನಿ... ಹೀಗೇ ವಾರಗಟ್ಟಲೆ. ಹುಣ್ಣು ಮಾಯಿತು. ಒಂದು ಮಸುಕು ಕಲೆ ಉಳಿಯಿತು... ದೃಷ್ಟಿಯೂ ಉಳಿಯಿತು!

ಮೂರು ತಿಂಗಳ ಮೇಲೆ ನೀಲವ್ವ ಮತ್ತೆ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದರು. ತಸ್ಲೀಮಾ ಎದ್ದು ಓಡಿ ಬಂದರು... ಮತ್ತೆ ಶುರುವಾಯಿತೇ?

ಇಲ್ಲ. ಅವರ ಕೈ ಹಿಡಿದು ಇನ್ನೊಬ್ಬ ಹೆಣ್ಣುಮಗಳು ನಿಂತಿದ್ದಳು, ಒಂದು ಕಣ್ಣು ಮುಚ್ಚಿಕೊಂಡು.

"ಇಕಿ ನಮ್ಮ ಗ್ಯಾಂಗಿನಾಕಿ. ಮುಂಜಾನಿ ಕಣ್ಣಿಗೆ ಕಬ್ಬಿನ ಎಲಿ ತಾಗೇತ್ರಿ. ಉಜ್ಜಾಕ ಬಿಟ್ಟಿಲ್ಲ, ಅಂಗಡಿಗೆ ಹೋಗಾಕ ಬಿಟ್ಟಿಲ್ಲ... ಸೀದಾ ಕರ್ಕೊಂಡು ಬಂದೀನಿ. ಮೊದ್ಲ ಮೂರು ಮಂದಿನ ಹಿಂಗ ಇಲ್ಲಿಗೆ ಕಳಿಸೀನ್ರಿ, ಇಕಿ ನಾಕನೇದಾಕಿ!"

ನಾಲ್ಕು ಜನ... ನಾಲ್ಕು ಕಣ್ಣು!

ತಸ್ಲೀಮಾ ಆ ಹೆಣ್ಣುಮಗಳನ್ನು ಡಾಕ್ಟರ ಬಳಿ ಕೂರಿಸಿದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದಂತೆಯೇ, ಹೊಸ ಸ್ಲೈಡ್ ತರಲು ಒಳಗೆ ನಡೆದರು.

*ಮದ್ದು ಹಾಕುವ ಮೊದಲು, ನೋವು ಬಂದ ದಾರಿಯನ್ನು ಕೇಳಿ.*

ಮನೆಯಲ್ಲಿ ಯಾರದಾದರೂ ಕಣ್ಣು ಕೆಂಪಾದರೆ ನಾವು ಮೊದಲು ಹುಡುಕುವುದು ಹಳೆಯ ಹನಿ ಬಾಟಲಿಯನ್ನೋ... ಒಳ್ಳೆಯ ಡಾಕ್ಟರನ್ನೋ?