ಓಲೆಯ ತಿರುಪು

“ಇವತ್ತು ಕೂಡ ಹೋಗ್ಲೇಬೇಕಾ?” ಉದ್ಯಾವರದ ಮನೆಯ ಬಾಗಿಲಲ್ಲಿ ಖತೀಜಾ ಮಗನಿಗೆ ಅಡ್ಡ ನಿಂತಳು.

“ಮೆಥಡೋನ್ ಸಿರಪ್ ದಿನಾ ಕುಡೀಬೇಕು ಉಮ್ಮ, ಆಸ್ಪತ್ರೆಯಲ್ಲಿ ನರ್ಸ್ ಎದುರೇ ಕುಡೀಬೇಕು,” ಎಂದ ಫಾಝಿಲ್, ನೂರನೇ ಸಲ.

“ಒಂದೂವರೆ ವರ್ಷ ಆಯ್ತು ಮಾರಾಯ! ಬ್ರೌನ್ ಶುಗರಿನ ನಶೆ ಬಿಡಿಸ್ಲಿಕ್ಕೆ ಹೋಗಿ ಈಗ ಈ ಸಿರಪ್ಪಿನ ಚಟ. ಒಂದು ಮದುವೆಗೆ ಹೋಗಿ ಎರಡು ದಿನ ನಿಲ್ಲುವ ಹಾಗಿಲ್ಲ. ಎಂತ ಪ್ರಯೋಜನ ಉಂಟು ಇದ್ರಿಂದ, ಹೇಳು?” ಬಯ್ಯುತ್ತಲೇ ಅವಳು ಎಡಗಿವಿಯ ಚಿನ್ನದ ಓಲೆ ಬಿಚ್ಚಿ ಅವನ ಕೈಗಿಟ್ಟಳು. “ಹೇಗೂ ಉಡುಪಿಗೆ ಹೋಗ್ತಿ ಅಲ್ವಾ, ಇದರ ತಿರುಪು ಸಡಿಲ ಆಗಿದೆ. ಆಚಾರಿ ಹತ್ರ ಸರಿ ಮಾಡಿಸ್ಕೊಂಡು ಬಾ.”

ಫಾಝಿಲ್ ಅಲುಗಲಿಲ್ಲ, ಅಂಗೈಯನ್ನೇ ನೋಡುತ್ತ ನಿಂತ. ಎರಡು ವರ್ಷದ ಹಿಂದೆ ಅವಳ ಬಳೆಗಳನ್ನು ಕದ್ದು ಮಾರಿದ್ದು ಇವನೇ. ಆಮೇಲೆ ಎಷ್ಟೋ ತಿಂಗಳು ಅವಳು ಈ ಓಲೆಗಳನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡೇ ಮಲಗುತ್ತಿದ್ದಳು.

ಖತೀಜಾಳಿಗೂ ಅದು ಆಗಷ್ಟೇ ನೆನಪಾಯಿತು. ಓಲೆಯ ಕಡೆಗೆ ಚಾಚಿದ ಅವಳ ಕೈ ಅರ್ಧಕ್ಕೇ ನಿಂತಿತು. ಮರುಕ್ಷಣ, ಸಿಡುಕುತ್ತಲೇ, ಬಲಗಿವಿಯದನ್ನೂ ಬಿಚ್ಚಿದಳು.

“ಎಂತ ನೋಡ್ತಾ ನಿಂತದ್ದು? ಇದೂ ಸಡಿಲವೇ ಉಂಟು. ಬಸ್ ಹೋಗ್ತದೆ, ನಡಿ!”